ನಾನೂ ಒಂದು ಬಾಳೆಗೊನೆ

ಅಂಜನಾದ್ರಿಗೆ 575 ಮೆಟ್ಟಿಲು. ಗಂಗಾವತಿಯ ನಾವು ನಾಲ್ವರು ಗೆಳೆಯರು ಶನಿವಾರ ಶನಿವಾರ ಹತ್ತುತ್ತೇವೆ. ಹತ್ತುತ್ತೇವೆ ಅನ್ನೋದು ದೊಡ್ಡ ಮಾತಾಯಿತು. ಇನ್ನೂರು ಮೆಟ್ಟಿಲಾಗುವಷ್ಟರಲ್ಲಿ ನೆರಳು ಹುಡುಕಿ ಕೂರುತ್ತೇವೆ. ಕೆಳಗೆ ಭತ್ತದ ಗದ್ದೆ, ತುಂಗಭದ್ರೆ, ಆಚೆ ಹಂಪಿಯ ಬಂಡೆಗಳು. ಅಷ್ಟರಲ್ಲಿ ಯಾರಾದರೂ ಒಬ್ಬರು, "ಇಲ್ಲಿ ರೋಪ್‌ವೇ ಯಾವಾಗ ಆಗ್ತದಂತ್ರೀ?" ಅನ್ನುತ್ತಾರೆ. ಉಳಿದವರು ನನ್ನ ಕಡೆ ತಿರುಗುತ್ತಾರೆ. ತಂತಿಗೆ ಜೋತುಬಿದ್ದು ಬೆಟ್ಟ ಹತ್ತಿದವನು ನಮ್ಮ ಪೈಕಿ ನಾನೊಬ್ಬನೇ. ಬಿದ್ದವನೂ ನಾನೊಬ್ಬನೇ. ಆ ಭಾಗವನ್ನು ಮುಚ್ಚಿಡಬೇಕೆಂದಿದ್ದೆ, ನನ್ನ ಹೆಂಡತಿ ಬಿಡಬೇಕಲ್ಲ.

ಮಗಳು ಅಮೆರಿಕದ ಡೆನ್ವರ್‌ನಲ್ಲಿದ್ದಾಳೆ. ಮೊದಲ ಸಲ ಹೋದಾಗ, "ಅಪ್ಪಾ, ಹಿಮದಾಗ ಜಾರೋಣು ಬಾ" ಅಂತ ಒಂದು ಸ್ಕೀ ರೆಸಾರ್ಟಿಗೆ ಕರೆದುಕೊಂಡು ಹೋದಳು. ಜಾರುವುದಕ್ಕೆ ಅಷ್ಟು ದೂರ ಯಾಕೆ, ನಮ್ಮ ಬಚ್ಚಲೇ ಸಾಕು ಅಂದೆ. ಕೇಳಲಿಲ್ಲ. ನಾನು ಊರಿಂದ ಒಯ್ದಿದ್ದ ಮಂಕಿ ಕ್ಯಾಪ್ ಹಾಕಿಕೊಂಡೆ. ಕಿಷ್ಕಿಂಧೆಯವನಿಗೆ ಅದರಲ್ಲಿ ನಾಚಿಕೆ ಏನು? ಅದರ ಮೇಲೊಂದು ಹೆಲ್ಮೆಟ್. ಕಾಲಿಗೆ ಕಬ್ಬಿಣದಷ್ಟು ಗಟ್ಟಿ ಬೂಟು, ಬೂಟಿಗೆ ಉದ್ದನೆಯ ಎರಡು ಹಲಗೆ, ಅದೇ ಸ್ಕೀ.

ಜಾರುವುದಕ್ಕೆ ಮೊದಲು ಹತ್ತಬೇಕಲ್ಲ, ಅದಕ್ಕೆ ಚೇರ್‌ಲಿಫ್ಟ್, ಅಂದರೆ ಓಡುವ ಕೇಬಲ್ಲಿಗೆ ಜೋತುಬಿದ್ದ ಕುರ್ಚಿಗಳ ಸಾಲು. ಹಳೆಯದು, ಇಬ್ಬರು ಕೂರುವಂಥದ್ದು. ಕುರ್ಚಿಯನ್ನು ಕೇಬಲ್ಲಿಗೆ ಭದ್ರವಾಗಿ ಕಚ್ಚಿಸಿರುತ್ತಾರೆ. ಕೇಬಲ್ ಓಡುವ ವೇಗದಲ್ಲೇ ಅದು ಬರುತ್ತದೆ. ಸೆಕೆಂಡಿಗೆ ಎರಡೂವರೆ ಮೀಟರ್ ಅಂದರೆ ಕೇಳುವುದಕ್ಕೆ ಏನೂ ಅಲ್ಲ. ಮೊಣಕಾಲಿನ ಹಿಂದೆ ಬಡಿದಾಗ ಗೊತ್ತಾಗುತ್ತದೆ.

"ಗೆರೆ ಮ್ಯಾಲೆ ನಿಲ್ಲು, ಹಿಂದ ನೋಡು, ಬಂದ ಕೂಡ್ಲೇ ಕುಂತುಬಿಡು" ಅಂದಳು ಮಗಳು. ನಾನು ನಿಂತೆ, ನೋಡಿದೆ. ಕುರ್ಚಿ ಬರುವುದು ಕಂಡಿತು. ಕೂರಲಿಲ್ಲ. ಯಾಕೆ ಅಂದರೆ, ಕುರ್ಚಿ ನಿಲ್ಲುತ್ತದೆ ಅಂತ ಕಾಯುತ್ತಿದ್ದೆ! ನಮ್ಮ ಕಡೆ ಬಸ್ಸು ಕೂಡ ಕೈ ಮಾಡಿದರೆ ನಿಲ್ಲುತ್ತದೆ. ಇದು ಎಮ್ಮೆ ಹಾಯ್ದ ಹಾಗೆ ಬಂತು. ನಾನು ಹಿಮದ ಮೇಲೆ ಬೋರಲು ಬಿದ್ದೆ, ಕುರ್ಚಿ ನನ್ನ ಬೆನ್ನು ಸವರಿಕೊಂಡು ಹೋಯಿತು. ಲಿಫ್ಟಿನ ಹುಡುಗ ಓಡಿ ಬಂದು ಗುಂಡಿ ಒತ್ತಿದ. ಇಡೀ ಲಿಫ್ಟು ನಿಂತಿತು. ತಲೆ ಎತ್ತಿ ನೋಡುತ್ತೇನೆ, ಬೆಟ್ಟದ ತುದಿಯವರೆಗೂ ಸಾಲು ಸಾಲು ಜನ ಗಾಳಿಯಲ್ಲಿ ತೂಗಾಡುತ್ತಿದ್ದಾರೆ. ಎಲ್ಲರೂ ಕತ್ತು ಬಗ್ಗಿಸಿ ಒಬ್ಬನನ್ನೇ ನೋಡುತ್ತಿದ್ದಾರೆ. ಜನ್ಮದಲ್ಲಿ ಅಷ್ಟು ಜನ ನನ್ನನ್ನು ಅಷ್ಟು ಗಮನ ಕೊಟ್ಟು ನೋಡಿದ್ದು ಅದೇ ಮೊದಲು. ಮದುವೆಯಲ್ಲೂ ಎಲ್ಲರ ಕಣ್ಣು ಊಟದ ಪಂಕ್ತಿಯ ಮೇಲಿತ್ತು.

ಹೆಂಡತಿ ದೂರದ ಬೆಂಚಿನಲ್ಲಿ ಕೂತು ವಿಡಿಯೋ ಮಾಡಿದಳು. ಗಂಗಾವತಿ ಬೆಳಗಿನ ಚಹಾ ಕುಡಿಯುವ ಹೊತ್ತಿಗೆ ನಾನು ಊರಲ್ಲೆಲ್ಲ ಬಿದ್ದಾಗಿತ್ತು.

ಆದರೂ ಆ ಹಳೇ ಲಿಫ್ಟು ನನಗೆ ಇಷ್ಟ. ಒಂದೂವರೆ ಕಿಲೋಮೀಟರಿಗೆ ಹತ್ತು ನಿಮಿಷ. ಕೆಳಗೆ ಪೈನ್ ಮರಗಳು, ಸದ್ದೇ ಇಲ್ಲ, ಪಕ್ಕದಲ್ಲಿ ಮಗಳು. ಕೈಗವಸಿನೊಳಗೆ ಫೋನ್ ಹಿಡಿಯಲಿಕ್ಕೆ ಬರುವುದಿಲ್ಲ, ಎದ್ದು ಹೋಗಲಿಕ್ಕೂ ಆಗುವುದಿಲ್ಲ. ಮಾತಾಡಲೇಬೇಕು. ಮನೆಯಲ್ಲಿ ಹೇಳದ ಎಷ್ಟೋ ಸಂಗತಿ ಅಲ್ಲಿ ಹೇಳಿದಳು. ಕೆಲಸ ಬಿಡಬೇಕು ಅನ್ನಿಸಿದ್ದು, ಜ್ವರ ಬಂದಾಗ ಒಬ್ಬಳೇ ಗಂಜಿ ಕಾಸಿಕೊಂಡದ್ದು. ನಡುವೆ ಲಿಫ್ಟು ಗಕ್ಕನೆ ನಿಂತರೆ, ಕೆಳಗೆ ನನ್ನಂಥವನೇ ಯಾವನೋ ಬಿದ್ದಿದ್ದಾನೆ ಅಂತ ಅರ್ಥ. ಪುಣ್ಯಾತ್ಮ, ನಿಧಾನಕ್ಕೆ ಏಳಲಿ ಅಂದುಕೊಳ್ಳುತ್ತಿದ್ದೆ.

ಎರಡನೇ ಸಲ ಹೋದಾಗ ಹಳೆಯದನ್ನು ಕಿತ್ತು ಹೊಸದು ಹಾಕಿದ್ದರು. ಒಂದು ಕುರ್ಚಿಗೆ ಆರು ಜನ. ಮೇಲೆ ಗಾಳಿ ತಡೆಯುವ ಗಾಜಿನಂಥ ಮುಚ್ಚಳ. ಇದರ ಯುಕ್ತಿ ಮೆಚ್ಚಲೇಬೇಕು. ಕುರ್ಚಿ ಕೇಬಲ್ಲನ್ನು ಇಕ್ಕಳದ ಹಾಗೆ ಹಿಡಿದಿರುತ್ತದೆ. ಜನ ಹತ್ತುವ ಸ್ಟೇಷನ್ನಿಗೆ ಬಂದಾಗ ಇಕ್ಕಳ ಬಾಯಿ ಬಿಡುತ್ತದೆ. ಕೇಬಲ್ ತನ್ನ ಪಾಡಿಗೆ ಸೆಕೆಂಡಿಗೆ ಐದು ಮೀಟರಿನಂತೆ ಓಡುತ್ತಿರುತ್ತದೆ, ಕುರ್ಚಿ ಮಾತ್ರ ಪಕ್ಕದ ಹಳಿಗೆ ಸರಿದು ಬಸುರಿ ನಡೆದ ಹಾಗೆ ನಡೆಯುತ್ತದೆ. ನೀವು ಕೂತ ಮೇಲೆ ಮತ್ತೆ ಕಚ್ಚಿ ಹಿಡಿದು, ಜುಯ್ಯಂತ ಎಳೆದುಕೊಂಡು ಹೋಗುತ್ತದೆ. ಇಂಥ ನಾಲ್ಕು ಜನರ ಲಿಫ್ಟು ಮಗಳಿರುವ ಕೊಲೊರಾಡೊ ರಾಜ್ಯದ ಬ್ರೆಕನ್‌ರಿಜ್‌ನಲ್ಲಿ 1981ರಲ್ಲೇ ಬಂದಿತ್ತಂತೆ.

ಹತ್ತುವಾಗ ಬೀಳಲಿಲ್ಲ. ಬೆಂಚಿನಲ್ಲಿ ಫೋನ್ ಹಿಡಿದು ಕಾಯುತ್ತಿದ್ದ ಹೆಂಡತಿಗೆ ನಿರಾಸೆಯಾಯಿತು. ಆದರೆ ಕೂತಮೇಲೆ ನೋಡಿದರೆ ನನಗೂ ಮಗಳಿಗೂ ಮಧ್ಯೆ ಇಬ್ಬರು ದಾಂಡಿಗರು. ಬೀಳದ ಹಾಗೆ ತಡೆಯುವ ಅಡ್ಡ ಸರಳನ್ನು ಯಾರೋ ದಡಕ್ಕನೆ ಇಳಿಸಿದರು, ಹೆಲ್ಮೆಟ್ಟಿಗೆ ಟಣ್ ಅಂತ ಬಡಿಯಿತು. ಗಂಜಿಯ ಮಾತು ಇವರ ಮಧ್ಯೆ ಹೇಗೆ ಆಡುವುದು? ಗಂಟಲು ಸರಿ ಮಾಡಿಕೊಳ್ಳುವಷ್ಟರಲ್ಲಿ ಮೇಲೆ ಬಂದಿದ್ದೆವು. ಐದು ನಿಮಿಷ!

ಇನ್ನೊಂದು ಫಜೀತಿ ಯಾರೂ ಹೇಳಿರಲಿಲ್ಲ. ಮೊದಲು ಕೆಳಗೆ ಪಾಳಿ, ಮೇಲೆ ಹೋಗುವುದಕ್ಕೆ ಹತ್ತು ನಿಮಿಷ. ಅಷ್ಟರಲ್ಲಿ ಕಾಲಿನ ನೋವು ಇಳಿಯುತ್ತಿತ್ತು. ಈಗ ಪಾಳಿಯೇ ಇಲ್ಲ. ಕೆಳಗೆ ನಿಲ್ಲುತ್ತಿದ್ದ ಜನರೆಲ್ಲ ಇಳಿಜಾರಿಗೇ ಬಂದು ಸುರಿದಿದ್ದಾರೆ. ಮೊದಲ ವರ್ಷ ದಿನಕ್ಕೆ ಆರು ಸಲ ಜಾರಿ ಆರು ಸಲ ಬೀಳುತ್ತಿದ್ದೆ. ಹೊಸ ಲಿಫ್ಟಿನ ದಯೆಯಿಂದ ಹನ್ನೆರಡು ಸಲ ಬಿದ್ದೆ. ಅಭಿವೃದ್ಧಿ ಅಲ್ವಾ!

ಈ ಶನಿವಾರ ಕೆಳಗಿಳಿದು ಚಹಾದಂಗಡಿಯಲ್ಲಿ ಕೂತಾಗ ನನ್ನ ಹತ್ತಿರ ಹೊಸ ಸುದ್ದಿ ಇತ್ತು. ಜಗತ್ತಿನ ಮೊದಲ ಚೇರ್‌ಲಿಫ್ಟ್ ಬಂದದ್ದು 1936ರಲ್ಲಿ, ಐಡಾಹೊ ರಾಜ್ಯದ ಸನ್ ವ್ಯಾಲಿಯಲ್ಲಿ. ಮಾಡಿದವನು ಜೇಮ್ಸ್ ಕರನ್ ಎಂಬ ರೈಲ್ವೆ ಕಂಪನಿಯ ಇಂಜಿನಿಯರ್. ಆತ ಅದಕ್ಕೂ ಮೊದಲು ಹಡಗಿಗೆ ಬಾಳೆಗೊನೆ ಏರಿಸುವ ಯಂತ್ರ ಮಾಡಿದ್ದ. ಕೊಕ್ಕೆಗೆ ಗೊನೆ ನೇತುಹಾಕಿದರೆ ತಂತಿ ಎಳೆದುಕೊಂಡು ಹೋಗುತ್ತಿತ್ತು. ಕೊಕ್ಕೆ ತೆಗೆದು ಕುರ್ಚಿ ಹಾಕಿದ, ಅಷ್ಟೇ. ಜನ ಎಷ್ಟು ವೇಗಕ್ಕೆ ಬೀಳದೆ ಕೂರುತ್ತಾರೆ ಅಂತ ನೋಡಲು ಟ್ರಕ್ಕಿನ ಪಕ್ಕಕ್ಕೆ ಕುರ್ಚಿ ಕಟ್ಟಿ, ಒಣಹುಲ್ಲಿನ ಮೇಲೆ ಸ್ಕೀ ಹಾಕಿದವರನ್ನು ನಿಲ್ಲಿಸಿ ಪರೀಕ್ಷೆ ಮಾಡಿದರಂತೆ.

"ಅಂದ್ರ ನೀವು ರೊಕ್ಕ ಕೊಟ್ಟು ಬಾಳೆಗೊನಿ ಆಗಿ ಬಂದ್ರಿ" ಅಂದರು ರೈಸ್‌ಮಿಲ್ಲಿನ ಗೆಳೆಯರು. "ನಮ್ಮ ಆನೆಗೊಂದಿಯಾಗ ಬಾಳಿ ಇಲ್ಲೇನು, ಗಂಗಾವತಿಯಾಗ ಹುಲ್ಲು ಇಲ್ಲೇನು? ಕುಂದ್ರುದು ಹ್ಯಾಂಗ, ಒಂದ್ಸಲ ತೋರಿಸ್ರಲ್ಲ."

ಸುಮ್ನೆ ಇರಬೇಕಿತ್ತು. ಎದ್ದು ನಿಂತೆ. ಕಾಲು ಜೋಡಿಸಿ, ಮಂಡಿ ಸ್ವಲ್ಪ ಬಗ್ಗಿಸಿ, ಹಿಂದಕ್ಕೆ ಕತ್ತು ತಿರುಗಿಸಿದೆ. ಅಂಗಡಿಯ ಹುಡುಗನಿಗೆ ಪ್ಲಾಸ್ಟಿಕ್ ಕುರ್ಚಿ ಕೊಟ್ಟು, "ಮೆಲ್ಲಕ ತಗೊಂಡು ಬಾ, ಇದು ಹೊಸಾ ಲಿಫ್ಟು" ಅಂದೆ.

ಹುಡುಗ ತಂದದ್ದು ಹಳೇ ಲಿಫ್ಟನ್ನು.

ಚಹಾ ಎಲ್ಲಿ, ನಾನೆಲ್ಲಿ! ಒಲೆಯ ಹತ್ತಿರದಿಂದ ಅಂಗಡಿಯವರು "ಏ, ನಿಂದ್ರಸೋ!" ಅಂತ ಕೂಗಿದರು. ಮಣ್ಣಿನಿಂದ ತಲೆ ಎತ್ತಿ ನೋಡಿದೆ. ಬೆಟ್ಟ ಹತ್ತುತ್ತಿದ್ದವರೆಲ್ಲ ಮೆಟ್ಟಿಲ ಮೇಲೆ ಸಾಲಾಗಿ ನಿಂತು, ಕತ್ತು ಬಗ್ಗಿಸಿ ಕೆಳಗೆ ನೋಡುತ್ತಿದ್ದರು.