ಆ ನಾಲ್ಕನೆಯ ಚರಣ ಬೇಸ್ ನುಡಿಸುವವನದು

ನಿನ್ನೆ ಸಂಜೆ ಬೆಂಗಳೂರಿನ ಒಂದು ಪುಟ್ಟ ಕಾರ್ಯಕ್ರಮದಲ್ಲಿ ಐವರು ಯುವಕರ ತಂಡವೊಂದು ‘ದಿ ಬ್ಯಾಂಡ್’ ಎಂಬ ಹಳೆಯ ರಾಕ್ ತಂಡದ ‘ದಿ ವೇಟ್’ (ಭಾರ) ಹಾಡಿತು. ಚೆನ್ನಾಗಿಯೇ ನುಡಿಸಿದರು, ಲಯ ಎಲ್ಲಿಯೂ ತಪ್ಪಲಿಲ್ಲ. ಆದರೆ ಐದೂ ಚರಣಗಳನ್ನು ಮುಂದೆ ನಿಂತಿದ್ದ ಒಬ್ಬನೇ ಹಾಡಿದ. ನಿರೂಪಕರು ಅದನ್ನು ‘ಅಮೆರಿಕದ ಹಾಡುಗಾರ ಬಾಬ್ ಡಿಲನ್ ಅವರ ಪಕ್ಕವಾದ್ಯದವರ ಹಾಡು’ ಎಂದು ಪರಿಚಯಿಸಿದ್ದರು. ಮನೆಗೆ ಬಂದ ಮೇಲೂ ನನ್ನ ಸಿಟ್ಟು ಇಳಿದಿಲ್ಲ.

‘ದಿ ಬ್ಯಾಂಡ್’ನ ಮೊದಲೆರಡು ಆಲ್ಬಮ್‌ಗಳನ್ನು ನಾನು ಎಷ್ಟೋ ವರ್ಷಗಳಿಂದ ಕೇಳುತ್ತಿದ್ದೇನೆ. ಅದರ ಐವರಲ್ಲಿ ನಾಲ್ವರು ಕೆನಡಾದವರು, ಡ್ರಮ್ಸ್ ನುಡಿಸುವ ಲೆವಾನ್ ಹೆಲ್ಮ್ ಒಬ್ಬ ಅಮೆರಿಕದ ಆರ್ಕನ್ಸಾಸ್‌ನವನು. ಡಿಲನ್ ಜೊತೆ 1965-66ರಲ್ಲಿ ಊರೂರು ಸುತ್ತಿ ಸಭಿಕರ ತಿರಸ್ಕಾರದ ಕೂಗಾಟವನ್ನು ಉಂಡವರು ಇವರು. ಅದನ್ನು ತಾಳಲಾರದೆ ಲೆವಾನ್ ನಡುವೆಯೇ ತಂಡ ಬಿಟ್ಟು ಹೋಗಿದ್ದ, ಆಮೇಲೆ ಮರಳಿದ. ಅಂಥವರು ನ್ಯೂಯಾರ್ಕ್ ರಾಜ್ಯದ ವುಡ್‌ಸ್ಟಾಕ್ ಬಳಿ ಗುಲಾಬಿ ಬಣ್ಣದ ಒಂದು ಬಾಡಿಗೆ ಮನೆ ಹಿಡಿದು, ಅದರ ನೆಲಮಾಳಿಗೆಯಲ್ಲಿ ತಿಂಗಳುಗಟ್ಟಲೆ ಕುಳಿತು ಒಬ್ಬರ ದನಿಗೆ ಇನ್ನೊಬ್ಬರು ಕಿವಿಗೊಡುವುದನ್ನು ಕಲಿತರು. ಬಂಗಾಳದಿಂದ ಬಂದಿದ್ದ ಬಾವುಲ್ ಎಂಬ ಅಲೆಮಾರಿ ಜನಪದ ಗಾಯಕರ ಹಾಡುಗಳನ್ನು ತಂಡದ ಆರ್ಗನ್ ವಾದಕ ಗಾರ್ತ್ ಹಡ್ಸನ್ ಧ್ವನಿಮುದ್ರಿಸಿಕೊಂಡದ್ದೂ ಅದೇ ಮನೆಯಲ್ಲಿ. ಆ ಮನೆಯ ಹೆಸರಿನಲ್ಲೇ 1968ರಲ್ಲಿ ‘ಮ್ಯೂಸಿಕ್ ಫ್ರಮ್ ಬಿಗ್ ಪಿಂಕ್’ ಬಂತು.

ಗಿಟಾರ್‌ಗಳು ಅಬ್ಬರಿಸುತ್ತಿದ್ದ ಆ ಕಾಲದಲ್ಲಿ ಈ ಆಲ್ಬಮ್ ಆರಂಭವಾಗುವುದು ತಂಡದ ಪಿಯಾನೊ ವಾದಕ ರಿಚರ್ಡ್ ಮ್ಯಾನುಯೆಲ್‌ನ ನೋವು ತುಂಬಿದ ಕಂಠದಿಂದ, ತೀರ ನಿಧಾನಗತಿಯಲ್ಲಿ. ಆಲ್ಬಮ್ ಹೊದಿಕೆಯ ಒಳಪುಟದಲ್ಲಿ ಐವರೂ ತಮ್ಮ ತಮ್ಮ ಕುಟುಂಬದವರೊಡನೆ ನಿಂತ ದೊಡ್ಡ ಚಿತ್ರವಿದೆ; ಬರಲಾಗದ ಲೆವಾನ್‌ನ ತಂದೆತಾಯಿಯರ ಚಿತ್ರವನ್ನು ಬೇರೆಯಾಗಿ ಸೇರಿಸಿದ್ದಾರೆ. ಹಿರಿಯರನ್ನು ಧಿಕ್ಕರಿಸುವುದೇ ಯೌವನವೆಂದು ನಂಬಿದ್ದ ಕಾಲದಲ್ಲಿ, ಯಾರನ್ನೂ ಹೊರಗೆ ಬಿಡಬಾರದೆಂದು ಹೀಗೆ ಕಾಳಜಿ ವಹಿಸಿದವರ ಹಾಡನ್ನು ಒಬ್ಬನೇ ಹಾಡುವುದೆಂದರೆ ಏನು?

‘ದಿ ವೇಟ್’ ಹಾಡನ್ನೇ ಕಿವಿಗೊಟ್ಟು ಕೇಳಿ. ಮೊದಲ ಮೂರು ಚರಣ ಲೆವಾನ್‌ನವು. ನಾಲ್ಕನೆಯದಕ್ಕೆ ಬೇಸ್ ಗಿಟಾರ್ ನುಡಿಸುವ ರಿಕ್ ಡ್ಯಾಂಕೊನ ಕಂಠ ಬರುತ್ತದೆ. ಅದು ಲೆವಾನ್‌ನ ದನಿಗಿಂತ ತೆಳು, ಸ್ವಲ್ಪ ಗಾಬರಿಗೊಂಡಂಥದು. ದಾರಿಯಲ್ಲಿ ಹೊಸ ಮನುಷ್ಯನೊಬ್ಬ ಎದುರಾದ ಹಾಗೆ ಕಥೆ ಅಲ್ಲಿ ಹೊರಳುತ್ತದೆ. ಪಲ್ಲವಿಯ ಕೊನೆಯಲ್ಲಿ ಕಂಠಗಳು ಒಟ್ಟಿಗೆ ಬರುವುದಿಲ್ಲ. ಒಂದರ ಹಿಂದೆ ಒಂದು ಬಂದು, ಹೊರೆಗೆ ಹೆಗಲು ಕೊಟ್ಟಂತೆ ಸೇರಿಕೊಳ್ಳುತ್ತವೆ. ಭಾರದ ಕುರಿತ ಆ ಹಾಡಿನ ಅರ್ಥ ಪದಗಳಲ್ಲಿ ಎಷ್ಟಿದೆಯೋ ಈ ಹಂಚಿಕೆಯಲ್ಲೂ ಅಷ್ಟೇ ಇದೆ. ಅದನ್ನು ತೆಗೆದುಹಾಕಿದರೆ ಉಳಿಯುವುದು ರಾಗ ಮಾತ್ರ.

ಇದನ್ನು ಹೇಳಿದಾಗ ಪಕ್ಕದಲ್ಲಿದ್ದ ಗೆಳೆಯರು, “ಹಾಡು ಬರೆದದ್ದು ರಾಬಿ ರಾಬರ್ಟ್‌ಸನ್ ಅಲ್ಲವೇ? ಕೊನೆಗೆ ಅದು ಒಬ್ಬನ ಸೃಷ್ಟಿಯೇ” ಎಂದರು. ರಚನೆ ತಂಡದ ಗಿಟಾರ್ ವಾದಕನಾದ ಅವನದೆಂಬುದು ನಿಜ. ಆದರೆ ಮೊದಲ ಆಲ್ಬಮ್ಮಿನ ಹನ್ನೊಂದು ಹಾಡುಗಳಲ್ಲಿ ಬರೆದವನೆಂದು ಅವನ ಹೆಸರಿರುವುದು ನಾಲ್ಕಕ್ಕೆ. ಮ್ಯಾನುಯೆಲ್ ಒಬ್ಬನೇ ಮೂರು ಬರೆದಿದ್ದಾನೆ, ಡಿಲನ್ ಜೊತೆ ಇನ್ನೊಂದು. ಎರಡನೆಯ ಆಲ್ಬಮ್ಮಿನ ಹೊತ್ತಿಗೆ ರಾಬರ್ಟ್‌ಸನ್ನನ ಹೆಸರು ಹನ್ನೆರಡಕ್ಕೆ ಹನ್ನೆರಡರಲ್ಲೂ ಇದೆ, ಒಪ್ಪುತ್ತೇನೆ. ಈ ಹೆಸರುಗಳ ವಿಷಯವಾಗಿ ಲೆವಾನ್ ಬದುಕಿರುವವರೆಗೂ ನೊಂದುಕೊಂಡದ್ದನ್ನೂ ಬಲ್ಲೆ. ಆದರೂ 1969ರ ಆ ಎರಡನೆಯ, ಕಂದು ಹೊದಿಕೆಯ ಆಲ್ಬಮ್ಮಿನಲ್ಲಿ ‘ರ‍್ಯಾಗ್ ಮಾಮಾ ರ‍್ಯಾಗ್’ ಹೇಗೆ ನಿಂತಿದೆ ನೋಡಿ: ಡ್ರಮ್ಸ್‌ನವನಾದ ಲೆವಾನ್ ಹಾಡುತ್ತ ಮ್ಯಾಂಡೊಲಿನ್ ಹಿಡಿದಿದ್ದಾನೆ, ಪಿಯಾನೊ ನುಡಿಸಬೇಕಾದ ಮ್ಯಾನುಯೆಲ್ ಡ್ರಮ್ಸ್ ಮುಂದೆ ಕುಳಿತಿದ್ದಾನೆ, ಆರ್ಗನ್ನಿನ ಹಡ್ಸನ್ ಪಿಯಾನೊಗೆ ಬಂದಿದ್ದಾನೆ, ಡ್ಯಾಂಕೊ ಬೇಸ್ ಕೆಳಗಿಟ್ಟು ಪಿಟೀಲು ಎತ್ತಿಕೊಂಡಿದ್ದಾನೆ, ಬೇಸ್ ಇಲ್ಲದ ಜಾಗವನ್ನು ನಿರ್ಮಾಪಕ ಜಾನ್ ಸೈಮನ್ ಟ್ಯೂಬಾ ಊದಿ ತುಂಬುತ್ತಿದ್ದಾನೆ. ಕಾಗದದ ಮೇಲಿನ ಯಾವ ಹೆಸರೂ ಇದನ್ನು ಒಬ್ಬನ ಹಾಡಾಗಿಸಲಾರದು.

ನನಗೆ ಇಷ್ಟು ನೋವಾಗಲು ಬೇರೆ ಕಾರಣವೂ ಇದೆ. ಕಾಲೇಜಿನಲ್ಲಿ ನಮ್ಮದೂ ಒಂದು ತಂಡವಿತ್ತು, ಹಾಡುಗಾರ ನಾನು. ಡ್ರಮ್ಸ್ ನುಡಿಸುತ್ತಿದ್ದ ಗೆಳೆಯ ಒಂದು ಚರಣವನ್ನು ತಾನು ಹಾಡಲೇ ಎಂದು ಎರಡು ಬಾರಿ ಕೇಳಿದ್ದ. ಎರಡು ಬಾರಿಯೂ ಬೇಡವೆಂದೆ. ಮೂರನೆಯ ಬಾರಿ ಅವನು ಕೇಳಲಿಲ್ಲ. ಅವನ ದನಿ ಹೇಗಿತ್ತೆಂದು ನನಗೆ ಇಂದಿಗೂ ತಿಳಿಯದು, ಕೇಳೋಣವೆಂದರೆ ಈಗ ಅವನಿಲ್ಲ.

ಆ ಐವರಲ್ಲೂ ಈಗ ಯಾರೂ ಉಳಿದಿಲ್ಲ. ಕೊನೆಯವನಾದ ಹಡ್ಸನ್ 2025ರ ಜನವರಿಯಲ್ಲಿ ತೀರಿಕೊಂಡ. ಅವರನ್ನು ಪಕ್ಕವಾದ್ಯದವರೆಂದು ಕರೆಯುವ ಮುನ್ನ ನಿರೂಪಕರು ಆ ಎರಡು ಆಲ್ಬಮ್‌ಗಳನ್ನು ಒಮ್ಮೆ ಮೊದಲಿನಿಂದ ಕೊನೆಯವರೆಗೆ ಕೇಳಲಿ. ನಿನ್ನೆ ಹಾಡಿದ ಹುಡುಗನಲ್ಲಿ ನನ್ನದೊಂದೇ ಬಿನ್ನಹ. ಮುಂದಿನ ಸಲ ನಾಲ್ಕನೆಯ ಚರಣ ಬಂದಾಗ ಮೈಕನ್ನು ನಿಮ್ಮ ಎಡಕ್ಕೆ, ಬೇಸ್ ನುಡಿಸುತ್ತಿದ್ದ ಆ ಹುಡುಗನ ಕಡೆಗೆ ತಿರುಗಿಸಿ. ನಿನ್ನೆ ಅವನ ತುಟಿಗಳು ಹಾಡಿನುದ್ದಕ್ಕೂ ಅಲುಗುತ್ತಿದ್ದವು. ನಾನು ಮೊದಲ ಸಾಲಿನಲ್ಲೇ ಕುಳಿತಿದ್ದೆ.