ಬೆಟ್ಟದ ಬಳ್ಳಿಗೆ ಅಂಗಳದಲ್ಲಿ ಜಾಗ ಇಲ್ಲ

ಈ ಸಲ ಊರಿಗೆ ಹೋದಾಗ ಶಿರಸಿಯ ನರ್ಸರಿಯೊಂದರಲ್ಲಿ ಮಾಧವಿ ಬಳ್ಳಿ ಕೇಳಿದೆ. ಅಲ್ಲಿದ್ದ ಹುಡುಗ ನನ್ನನ್ನು ಮೇಲಿಂದ ಕೆಳಗೆ ನೋಡಿದ. ‘ಅದು ಕಾಡ ಬಳ್ಳಿ ಅಲ್ವಾ ಸರ್? ದುಡ್ಡು ಕೊಟ್ಟು ಯಾರು ತಗೋತಾರೆ? ಅಲಮಂಡಾ ಇದೆ, ಬೆಳ್ಳುಳ್ಳಿ ಬಳ್ಳಿ ಇದೆ, ಬೋಗನ್‌ವಿಲ್ಲಾದಲ್ಲಿ ಹೊಸ ಬಣ್ಣ ಬಂದಿದೆ’ ಅಂದ. ಮೂರರದ್ದೂ ಮೂಲ ದಕ್ಷಿಣ ಅಮೆರಿಕದ ಕಡೆ. ಅಮೆರಿಕದಿಂದ ಬಂದವನಿಗೇ ಅಮೆರಿಕದ ಬಳ್ಳಿ ಮಾರಲು ಹೊರಟಿದ್ದ, ಪಾಪ. ನಗು ಬಂತು. ಒಳಗೆ ಸ್ವಲ್ಪ ಚುರ್ ಅಂತಲೂ ಅಂದಿತು.

ನಾನಿರುವ ಸೌತ್ ಕ್ಯಾರೊಲಿನಾದಲ್ಲಿ ಇದೆಲ್ಲ ಉಲ್ಟಾ. ಬೇಲಿಗೆ ಚೀನಾದ ವಿಸ್ಟೀರಿಯಾ ಹಬ್ಬಿಸೋಣ ಅಂತ ಹೋದರೆ ಅಲ್ಲಿನ ನರ್ಸರಿಯ ಹೆಂಗಸು ಒಪ್ಪಲೇ ಇಲ್ಲ. ‘ಅದು ನಮ್ಮ ಕಾಡು ತಿನ್ನುತ್ತದೆ, ಇದನ್ನು ನೆಡಿ’ ಅಂತ ಯೆಲ್ಲೋ ಜೆಸಮಿನ್ ಕುಂಡ ಕೈಗಿಟ್ಟರು. ಹೆಸರು ಮಲ್ಲಿಗೆಯದು, ಕುಲ ಬೇರೆ. 1924ರಿಂದ ಆ ರಾಜ್ಯದ ಹೂವು. ಎಲೆ ಚಳಿಗೆ ಕೊಂಚ ಕಂದುಗಟ್ಟುತ್ತದೆ, ಆದರೆ ಉದುರುವುದಿಲ್ಲ. ಫೆಬ್ರವರಿ ಹೊತ್ತಿಗೆ ಸುತ್ತಲಿನ ಮರಗಳೆಲ್ಲ ಬೋಳು ನಿಂತಿರುವಾಗ ಬೇಲಿ ತುಂಬ ಹಳದಿ ಹೂ. ಬಿಸಿಲು ಚೆನ್ನಾಗಿ ಬೀಳಬೇಕು, ಅಷ್ಟೇ. ಕತ್ತರಿಸುವುದಾದರೆ ಹೂ ಮುಗಿದ ಕೂಡಲೇ. ತಡ ಮಾಡಿದರೆ ಮುಂದಿನ ವರ್ಷದ ಮೊಗ್ಗೂ ಹೋಗುತ್ತದೆ.

ತಮಾಷೆ ಅಂದರೆ ಆ ಬಳ್ಳಿ ಬೇರಿಂದ ಹೂವಿನ ತನಕ ವಿಷ. ಮಕ್ಕಳು ಹೂ ಚೀಪುವ ಹಾಗಿಲ್ಲ. ಮಕರಂದ ಜಾಸ್ತಿಯಾದರೆ ಜೇನುಹುಳಕ್ಕೂ ಆಗುವುದಿಲ್ಲ. ಮುಡಿಯುವುದಂತೂ ದೂರದ ಮಾತು. ಆದರೂ ಬೆಳೆಸುತ್ತಾರೆ. ಈ ಮಣ್ಣಿನದು ಅನ್ನುವುದೇ ಅವರಿಗೆ ಸಾಕು.

ನಮ್ಮಲ್ಲಿ ಹೂವಿಗೆ ಎರಡೇ ಪರೀಕ್ಷೆ. ದೇವರಿಗೆ ಏರುತ್ತದಾ? ತಲೆಗೆ ಏರುತ್ತದಾ? ಎಲ್ಲಿಂದ ಬಂತು ಅಂತ ಯಾರೂ ಕೇಳುವುದಿಲ್ಲ. ಆಯಿ ದಿನಾ ಬೆಳಿಗ್ಗೆ ದೇವರಿಗೆ ಕೊಯ್ಯುವ ಹಳದಿ ಹೂವಿನ ಮೂಲ ಬ್ರೆಜಿಲ್ ಕಡೆ. ಅದು ಮಡಿಗೆ ಬಂದು ಎಷ್ಟೋ ಕಾಲವಾಯಿತು. ಮನೆ ಹಿಂದಿನ ಬೆಟ್ಟದಲ್ಲಿ ಮಾಧವಿ ಹೂ ಬಿಟ್ಟರೆ ದರಕು (ಉದುರಿದ ಒಣ ಎಲೆ) ತರಲು ಹೋದವರು ಮಾತ್ರ ನೋಡಬೇಕು. ಏನು ಹೂವು ಅದು! ಬಿಳಿ ಎಸಳು, ಅಂಚೆಲ್ಲ ಸಣ್ಣಗೆ ಹರಿದಂತೆ. ಐದರಲ್ಲಿ ಒಂದು ಎಸಳಿಗೆ ಮಾತ್ರ ಹಳದಿ. ಪರಿಮಳ ದಾರಿಯ ತಿರುವಿನಲ್ಲೇ ಸಿಗುತ್ತದೆ. ಕಾಯಿಗೆ ಮೂರು ರೆಕ್ಕೆ. ಮೇಲೆ ಎಸೆದರೆ ಗಿರಗಿರ ತಿರುಗುತ್ತ ಇಳಿಯುತ್ತದೆ. ಚಿಕ್ಕವರಿದ್ದಾಗ ನಮಗೆ ಅದೇ ಆಟ.

ಇಂಥದ್ದನ್ನು ಬಿಟ್ಟು ಗೇಟಿಗೆ ಕರ್ಟನ್ ಕ್ರೀಪರ್ ಇಳಿಬಿಡುತ್ತೇವೆ. ಅದೂ ಅರಣ್ಯ ಕಾಲೇಜು ಇರುವ ಊರಲ್ಲಿ! ಹೆಸರಲ್ಲೇ ಮೈಸೂರು ಹೊತ್ತ, ಪಶ್ಚಿಮ ಘಟ್ಟದ ಥನ್‌ಬರ್ಜಿಯಾ ಮೈಸೂರೆನ್ಸಿಸ್ ಬಳ್ಳಿಯನ್ನು ಇಂಗ್ಲೆಂಡಿನವರು ಗಾಜಿನ ಮನೆ ಕಟ್ಟಿ, ಬೆಚ್ಚಗಿಟ್ಟು ಸಾಕುತ್ತಾರೆ. ನಮ್ಮಲ್ಲಿ ಸುಮ್ನೆ ಮಳೆಗೆ ಬರುತ್ತಿತ್ತು.

ಇದನ್ನೆಲ್ಲ ಆಯಿ ಹತ್ತಿರ ಹೇಳಿದೆ. ‘ಬೆಟ್ಟದಲ್ಲಿ ರಾಶಿ ಇದ್ದು ತಮಾ, ಅಂಗಳಕ್ಕೆ ಎಂತಕ್ಕೆ?’ ಅಂದಳು.

ಉತ್ತರ ಹೊಳೆಯಲಿಲ್ಲ. ಮನೆ ಹಿಂದೆ, ತೋಟಕ್ಕೆ ಸೊಪ್ಪು ತರುವ ಸೊಪ್ಪಿನ ಬೆಟ್ಟ ಇರುವವರು ಕಾಡಿನ ಬಳ್ಳಿಗೆ ಯಾಕೆ ಕುಂಡ ಹುಡುಕಬೇಕು? ಕ್ಯಾರೊಲಿನಾದವರಿಗೂ ಈ ಬುದ್ಧಿ ಹುಟ್ಟಿನಿಂದ ಬಂದದ್ದಲ್ಲ. 1876ರ ಫಿಲಡೆಲ್ಫಿಯಾ ಪ್ರದರ್ಶನದಲ್ಲಿ ಜಪಾನಿನ ಕುಡ್ಜು ಬಳ್ಳಿ ನೋಡಿ ಮರುಳಾದರು. 1930ರ ದಶಕದಲ್ಲಿ ಮಣ್ಣು ಕೊಚ್ಚಿ ಹೋಗಬಾರದು ಅಂತ ಸರ್ಕಾರವೇ ನೆಡಿಸಿತು. ಈಗ ಹೆದ್ದಾರಿ ಬದಿಯ ಮರಗಳನ್ನು ಅದು ಮುಚ್ಚಿ ನಿಂತಿದೆ. ಸುಟ್ಟುಕೊಂಡ ಮೇಲೆ ಬಂದ ಪ್ರೀತಿ. ನಮ್ಮ ಮಾಧವಿಯೂ ಸಾಧುವೇನಲ್ಲ, ಮಾರಿಷಸ್, ರಿಯೂನಿಯನ್ ದ್ವೀಪಗಳಲ್ಲಿ ಅದೇ ಪೀಡೆ. ಇನ್ನು ಅಪ್ಪಯ್ಯನ ತೋಟದಲ್ಲಿ ಅಡಿಕೆ ಮರಕ್ಕೆಲ್ಲ ಹಬ್ಬಿದ ಕಾಳುಮೆಣಸು ಇದೇ ಘಟ್ಟದ್ದು, ವರ್ಷವಿಡೀ ಹಸಿರು. ಕಡ್ಡಿಯಂಥ ಅದರ ಹೂವನ್ನು ನಾನು ಲೆಕ್ಕಕ್ಕೇ ಹಿಡಿದಿರಲಿಲ್ಲ, ಅಷ್ಟೇ.

ಆದರೂ ಹಟ ಬಿಡಲಿಲ್ಲ. ಮಾಧವಿ ಕಾಂಡ ದಪ್ಪ, ಭಾರ ಜಾಸ್ತಿ. ಅಡಿಕೆ ಮರದ ಹತ್ತಿರ ಸುಳಿಯಕೂಡದು ಅಂತ ಅಪ್ಪಯ್ಯ ಮೊದಲೇ ಹೇಳಿದ. ಕೊನೆಗೆ ಕೊಟ್ಟಿಗೆ ಪಕ್ಕದಲ್ಲಿ ಜಾಗ ಕೊಟ್ಟ. ಕಬ್ಬಿಣದ ಪೈಪಿನ ಚಪ್ಪರ ಆಗಬೇಕು. ಕಾಯಿಯನ್ನು ಅಣ್ಣ ಬೆಟ್ಟದಿಂದ ಆರಿಸಿ ತರುತ್ತಾನಂತೆ. ‘ಪೈಪಿನ ದುಡ್ಡು ನೀನೇ ಕೊಡವು’ ಅಂದ ಅಪ್ಪಯ್ಯ.