ದಿಲ್ಲಿ ಸುದ್ದಿ ಓಕೆ, ಗಲ್ಲಿ ಸುದ್ದಿ ಯಾಕೆ?

ಫೆಬ್ರವರಿ 13 ಬಂತು ಅಂದರೆ ನನಗೊಂದು ಶಾಲು ಗ್ಯಾರಂಟಿ. ಅವತ್ತು ವಿಶ್ವ ರೇಡಿಯೊ ದಿನ. ನಾನು ಸಮುದಾಯ ಬಾನುಲಿಯಲ್ಲಿ, ಅಂದರೆ ಸಂಘಸಂಸ್ಥೆಯೊಂದು ಸುತ್ತಲಿನ ಜನರಿಗಾಗಿ ನಡೆಸುವ ಪುಟ್ಟ ರೇಡಿಯೊದಲ್ಲಿ, ಆರ್‌ಜೆ. ಸಂಬಳ ಇಲ್ಲ. ಸಂಬಳ ಕೊಡಲಾಗದವರಿಗೆ ಶಾಲು ಹೊದಿಸುವುದು ನಮ್ಮಲ್ಲಿ ಮೊದಲಿಂದ ನಡೆದು ಬಂದ ಲೆಕ್ಕಾಚಾರ. ಆರು ವರ್ಷಕ್ಕೆ ಆರು ಶಾಲು ಆಗಿವೆ. ಒಂದು ಇಸ್ತ್ರಿ ಮೇಜಿನ ಮೇಲಿದೆ, ಒಂದು ಸ್ಕೂಟರ್ ಸೀಟು ಒರೆಸುತ್ತದೆ, ಉಳಿದವು ಬೀರುವಿನಲ್ಲಿ ನನ್ನ ಸೇವೆಯನ್ನು ಸ್ಮರಿಸುತ್ತಾ ಮಲಗಿವೆ.

ಈ ಸಲದ ಮುಖ್ಯ ಅತಿಥಿಗಳು ಮೈಕ್ ಹಿಡಿದು, ‘ಸಮುದಾಯ ಬಾನುಲಿ ಅಂದರೆ ಏನು? ದನಿ ಇಲ್ಲದವರ ದನಿ!’ ಅಂದರು. ಚಪ್ಪಾಳೆ. ಕಳೆದ ಸಲದವರೂ ಇದನ್ನೇ ಅಂದಿದ್ದರು. ಅದರ ಹಿಂದಿನ ಸಲದವರೂ. ಆರು ಶಾಲು, ಆರು ಅತಿಥಿ, ಒಂದೇ ವಾಕ್ಯ. ಅವರು ಅದನ್ನು ಹೇಳುತ್ತಿದ್ದಾಗ ಕಿಟಕಿಯ ಆಚೆ, ಮೂರನೇ ಅಡ್ಡರಸ್ತೆಯ ಮೂಲೆಯಲ್ಲಿ, ನೀರಿನ ಪೈಪು ಒಡೆದು ಆಳೆತ್ತರಕ್ಕೆ ಚಿಮ್ಮುತ್ತಿತ್ತು. ಅತಿಥಿಗಳ ಕಾರು ಅದರಲ್ಲೇ ಮಿಂದು ಬಂದಿತ್ತು. ಡ್ರೈವರ್ ಖುಷಿಯಾಗಿದ್ದ. ತೊಳೆಯೋ ಕೆಲಸ ತಪ್ಪಿತಲ್ಲ.

ಆ ಪೈಪಿನ ಕತೆ ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ. ನಿಮ್ಮೂರಲ್ಲೂ ಅಂಥದ್ದೊಂದು ಪೈಪು ಇದ್ದೇ ಇರುತ್ತದೆ. ಒಡೆದು ನಾಲ್ಕು ದಿನ. ಮೂರನೇ ಅಡ್ಡರಸ್ತೆಯಲ್ಲಿ ಹೊಳೆ, ಐದನೇ ಅಡ್ಡರಸ್ತೆಯಲ್ಲಿ ಖಾಲಿ ಕೊಡ.

ಮಾರನೇ ದಿನ ಬೆಳಗ್ಗೆ ಏಳರಿಂದ ಒಂಬತ್ತು ನನ್ನ ಪಾಳಿ. ನಮ್ಮ ಸ್ಟುಡಿಯೊ ಅಂದರೆ ಗೋಡೆ ತುಂಬ ಮೊಟ್ಟೆ ಟ್ರೇ ಅಂಟಿಸಿದ ಹತ್ತಡಿ ಕೋಣೆ. ಮೈಕಿನ ಸ್ಪಂಜಿಗೆ ಹಿಂದಿನ ದಿನ ಮಾತಾಡಿ ಹೋದವರ ಎಲೆಅಡಿಕೆ ವಾಸನೆ. ದನಿ ಹೊಂದಿಸುವ ಮಿಕ್ಸರಿನ ಎರಡನೇ ಫೇಡರ್, ಅಂದರೆ ದನಿ ಏರಿಸಿ ಇಳಿಸುವ ಗುಂಡಿ, ಅರ್ಧಕ್ಕೆ ಬಂದಾಗ ಕರಕರ ಅನ್ನುತ್ತದೆ, ಎರಡು ಬೆರಳಲ್ಲಿ ಮೆಲ್ಲಗೆ ಒತ್ತಿಕೊಂಡೇ ಏರಿಸಬೇಕು. ಅದನ್ನು ಏರಿಸುತ್ತಿದ್ದಾಗಲೇ ಐದನೇ ಅಡ್ಡರಸ್ತೆಯಿಂದ ಫೋನ್ ಬಂತು.

‘ಸಾರ್, ನಾಲ್ಕು ದಿನ ಆಯ್ತು ನೀರಿಲ್ಲ. ರೇಡಿಯೊದಲ್ಲಿ ಒಂದ್ ಮಾತು ಹೇಳಿ ಸಾರ್.’

‘ಹಾಗೆಲ್ಲ ಹೇಳೋ ಹಾಗಿಲ್ಲಮ್ಮಾ. ಅದು ಸುದ್ದಿ ಆಗುತ್ತೆ.’

‘ಸುದ್ದಿ ಅಲ್ಲ ಸಾರ್, ನೀರು.’

ಆಕೆಗೆ ಹೇಗೆ ಹೇಳೋದು? ಈ ದೇಶದಲ್ಲಿ ಸಮುದಾಯ ಬಾನುಲಿಗಳು ಸುದ್ದಿ ಹೇಳುವ ಹಾಗಿಲ್ಲ. ಆಕಾಶವಾಣಿ ಓದಿದ ಸುದ್ದಿಯನ್ನು ಇದ್ದ ಹಾಗೇ, ಇಲ್ಲವೇ ನಮ್ಮ ಭಾಷೆಗೆ ಅನುವಾದಿಸಿ ಮರುಪ್ರಸಾರ ಮಾಡಬಹುದು, ಅಷ್ಟೇ. ಅಂದರೆ ಯಾವುದೋ ದೇಶದ ಅಧ್ಯಕ್ಷರು ವಿಮಾನ ಇಳಿದದ್ದನ್ನು ನಾನು ಐದನೇ ಅಡ್ಡರಸ್ತೆಗೆ ತಿಳಿಸಬಹುದು. ಮೂರನೇ ಅಡ್ಡರಸ್ತೆಯ ನೀರು ಐದಕ್ಕೆ ಯಾಕೆ ಇಳಿಯಲಿಲ್ಲ ಅಂತ ತಿಳಿಸುವ ಹಾಗಿಲ್ಲ.

ಹಾಗಂತ ಸರ್ಕಾರಕ್ಕೆ ಕರುಣೆ ಇಲ್ಲ ಅನ್ನಬೇಡಿ. ಯಾವುದು ಸುದ್ದಿಯಲ್ಲ ಅಂತ ಒಂದು ಪಟ್ಟಿಯನ್ನೇ ಕೊಟ್ಟಿದೆ. ಟ್ರಾಫಿಕ್ಕು, ಹವಾಮಾನ ಸುದ್ದಿಯಲ್ಲ. ಜಾತ್ರೆ, ಹಬ್ಬ ಸುದ್ದಿಯಲ್ಲ. ಪರೀಕ್ಷೆ, ಫಲಿತಾಂಶ, ಉದ್ಯೋಗ ಮಾಹಿತಿ ಸುದ್ದಿಯಲ್ಲ. ನೀರು, ಕರೆಂಟು, ಪ್ರವಾಹ, ರೋಗದ ಎಚ್ಚರಿಕೆ, ಇವೂ ಸುದ್ದಿಯಲ್ಲ. ಆದರೆ ಇವಕ್ಕೊಂದು ಬಾಲ ಇದೆ: ಸ್ಥಳೀಯ ಆಡಳಿತ ಕೊಟ್ಟ ಮಾಹಿತಿ ಆಗಿರಬೇಕು. ನೀರು ಬಂದಿಲ್ಲ ಅನ್ನೋದನ್ನು ನೀರು ಬಿಡದವರೇ ಬರೆದುಕೊಡಬೇಕು. ಅವರ ಆಫೀಸಿಗೆ ಫೋನ್ ಮಾಡಿದೆ. ರಿಂಗಾಯಿತು. ಪಾಪ, ಆ ಫೋನು ಅಲ್ಲಿ ಎಷ್ಟು ವರ್ಷದಿಂದ ಹಾಗೇ ರಿಂಗಾಗುತ್ತಿದೆಯೋ.

ಪಟ್ಟಿಯನ್ನು ಮತ್ತೊಮ್ಮೆ ಓದಿದೆ. ಟ್ರಾಫಿಕ್ಕು ಸುದ್ದಿಯಲ್ಲ, ಅಲ್ವಾ? ಫೇಡರ್ ಏರಿಸಿದೆ. ‘ಈಗ ಟ್ರಾಫಿಕ್ ಮಾಹಿತಿ. ಮೂರನೇ ಅಡ್ಡರಸ್ತೆಯಲ್ಲಿ ನೀರು ಹರಿಯುತ್ತಿದೆ, ಬೈಕ್ ಸವಾರರು ನಿಧಾನವಾಗಿ ಹೋಗಿ. ಐದನೇ ಅಡ್ಡರಸ್ತೆ ಪೂರಾ ಒಣಗಿದೆ, ಆರಾಮಾಗಿ ಹೋಗಬಹುದು.’ ಹತ್ತು ನಿಮಿಷ ಬಿಟ್ಟು ಹವಾಮಾನ. ‘ಊರಲ್ಲಿ ಒಣಹವೆ. ಮೂರನೇ ಅಡ್ಡರಸ್ತೆಯ ಮೂಲೆಯಲ್ಲಿ ಮಾತ್ರ ನಾಲ್ಕು ದಿನದಿಂದ ಭಾರಿ ಮಳೆ.’

ನಮ್ಮ ಕೇಂದ್ರದ ಮೇಡಂ ಓಡಿ ಬಂದರು. ಒಳ್ಳೆಯವರು, ಆದರೆ ಲೈಸೆನ್ಸ್ ಕಾಗದವನ್ನು ಕೂಸಿನ ಹಾಗೆ ಕಾಯುವವರು. ‘ಏನ್ರೀ ಇದು? ರೆಕಾರ್ಡ್ ಆಗ್ತಿರುತ್ತೆ, ಗೊತ್ತಲ್ವಾ?’ ಗೊತ್ತು. ನಾವು ಬಿತ್ತರಿಸಿದ್ದೆಲ್ಲವನ್ನೂ ಮೂರು ತಿಂಗಳು ಜೋಪಾನವಾಗಿ ಇಟ್ಟುಕೊಂಡಿರಬೇಕು, ಅದೂ ನಿಯಮ. ನನ್ನ ಕೆಮ್ಮು, ನನ್ನ ಕಾಗುಣಿತ ತಪ್ಪಿದ ಶುಭೋದಯ, ಮಧ್ಯೆ ನಾಯಿ ಬೊಗಳಿದ್ದು, ಎಲ್ಲವೂ ಹಾರ್ಡ್‌ಡಿಸ್ಕಿನಲ್ಲಿ ಮೂರು ತಿಂಗಳು ಅಮರ. ನನ್ನ ಮದುವೆಯ ವಿಡಿಯೊ ಕ್ಯಾಸೆಟ್ಟನ್ನೂ ಯಾರೂ ಇಷ್ಟು ಶ್ರದ್ಧೆಯಿಂದ ಇಟ್ಟಿರಲಿಲ್ಲ.

ನೀವು ಕೇಳಬಹುದು, ಈ ಕೇಂದ್ರ ಅಷ್ಟೊಂದು ಅಪಾಯಕಾರಿಯಾ ಅಂತ. ನಮಗೆ ಸಿಗುವ ಶಕ್ತಿ 100 ವಾಟ್. ನಮ್ಮಜ್ಜಿ ಮನೆಯ ಹಜಾರದಲ್ಲಿ ಉರಿಯುತ್ತಿದ್ದ ಬುರುಡೆ ಬಲ್ಬೂ 100 ವಾಟೇ. ಕಂಬದ ಎತ್ತರ 30 ಮೀಟರ್ ದಾಟುವ ಹಾಗಿಲ್ಲ. ದನಿ ಹೆಚ್ಚೆಂದರೆ ಹತ್ತು, ಹನ್ನೆರಡು ಕಿಲೋಮೀಟರ್ ಹೋಗುತ್ತದೆ. ನಡುವೆ ಗುಡ್ಡ ಬಂದರೆ ಅದೂ ಇಲ್ಲ. ಗಣೇಶನ ಮೆರವಣಿಗೆಯ ಡಿಜೆ ಬಾಕ್ಸಿನ ಮುಂದೆ ನಾವು ಸೊಳ್ಳೆ. ಅಂದ ಹಾಗೆ, ರೇಡಿಯೊದವನು ಅಂತ ಗೊತ್ತಾದಾಗ ಅರ್ಧ ಊರು ಕೇಳೋದು, ‘ಡಿಜೆ ಬಾಡಿಗೆಗೆ ಕೊಡ್ತೀರಾ?’ ಅಂತಲೇ.

ಮೇಡಂ ಬೈದು ಹೋದ ಮೇಲೆ ಒಂದು ಹಾಡು ಹಾಕಿ ಕೂತೆ. ಆಗ ನೆನಪಾದದ್ದು ಮೈಸೂರಿನ ಗೋಪಾಲಸ್ವಾಮಿಯವರು. ಮಹಾರಾಜ ಕಾಲೇಜಿನಲ್ಲಿ ಮನಃಶಾಸ್ತ್ರದ ಪ್ರೊಫೆಸರ್. 1935ರಲ್ಲಿ ತಮ್ಮ ಮನೆಯಲ್ಲೇ ಒಂದು ಸಣ್ಣ ಟ್ರಾನ್ಸ್‌ಮಿಟರ್ ಇಟ್ಟುಕೊಂಡು ರೇಡಿಯೊ ಶುರು ಮಾಡಿಬಿಟ್ಟರು. ಆ ಕೇಂದ್ರದ ಹೆಸರು ಆಕಾಶವಾಣಿ. ಹೆಸರು ಎಷ್ಟು ಚೆನ್ನಾಗಿತ್ತು ಅಂದರೆ ಸ್ವಾತಂತ್ರ್ಯ ಬಂದ ಮೇಲೆ ಇಡೀ ದೇಶದ ರೇಡಿಯೊ ಅದನ್ನೇ ಇಟ್ಟುಕೊಂಡಿತು. ಮೇಷ್ಟ್ರು ಈಗ ಬಂದು ಅದೇ ಕೆಲಸಕ್ಕೆ ಅರ್ಜಿ ಹಾಕಿದರೆ? ‘ಸಂಸ್ಥೆ ನೋಂದಣಿಯಾಗಿ ಮೂರು ವರ್ಷ ಆಗಿದೆಯಾ ಸಾರ್?’ ಅಂತ ಶುರುವಾಗುತ್ತದೆ. ಆಮೇಲೆ ಆ ಇಲಾಖೆಯ ಒಪ್ಪಿಗೆ, ಈ ಇಲಾಖೆಯ ಒಪ್ಪಿಗೆ, ತರಂಗಕ್ಕೊಂದು, ಕಂಬಕ್ಕೊಂದು. ಕೊನೆಗೆ ಎಲ್ಲ ಸಿಕ್ಕಿದ ಮೇಲೆ, ‘ಸಾರ್, ಆಕಾಶವಾಣಿ ಸುದ್ದಿ ಮಾತ್ರ ಹಾಕಿ. ನಿಮ್ಮದು ಬೇಡ.’ ಹೆಸರು ಕೊಟ್ಟವರಿಗೇ ಈ ಮಾತು. ಮನಃಶಾಸ್ತ್ರದವರಾದ್ದರಿಂದ ಬಹುಶಃ ಇದನ್ನು ಒಂದು ಕೇಸು ಅಂತ ಬರೆದಿಟ್ಟುಕೊಳ್ಳುತ್ತಿದ್ದರು.

ಕೋಲಾರದ ಬೂದಿಕೋಟೆಯವರು ಇದಕ್ಕೊಂದು ದಾರಿ ಹುಡುಕಿದ್ದರು. ಊರಿನವರಿಗೆ ಗಾಳಿಯಲ್ಲಿ ರೇಡಿಯೊ ಬಿಡಲು ಇನ್ನೂ ಅನುಮತಿ ಇಲ್ಲದ ಕಾಲ ಅದು. ಸರಿ ಬಿಡಿ ಅಂತ ತಮ್ಮ ಊರ ರೇಡಿಯೊ ‘ನಮ್ಮ ಧ್ವನಿ’ಯನ್ನು ಕೇಬಲ್ಲಿನಲ್ಲಿ ಬಿಟ್ಟರು. ಗಾಳಿ ಸರ್ಕಾರದ್ದಾದರೆ ವಯರು ನಮ್ಮದು. ಊರಿನ ಸಂಘಸಂಸ್ಥೆಗಳಿಗೂ ಅನುಮತಿ ಅಂತ ಆದದ್ದು 2006ರಲ್ಲಿ. 2008ರಲ್ಲಿ ತೆಲುಗು ನಾಡಿನ ಜಹೀರಾಬಾದ್ ಕಡೆಯ ದಲಿತ ಹೆಣ್ಣುಮಕ್ಕಳು ಸಂಘಂ ರೇಡಿಯೊ ನಡೆಸಿ ತೋರಿಸಿದರು. ಆಗಲೂ ಸುದ್ದಿ ಮಾತ್ರ ಬೇಡ ಅಂತಲೇ ಇತ್ತು.

ತಮಾಷೆ ಅಂದರೆ, ಈ ಗಾಳಿ ಸರ್ಕಾರದ್ದೂ ಅಲ್ಲ. ತರಂಗಗಳು ಸಾರ್ವಜನಿಕ ಆಸ್ತಿ ಅಂತ ಸುಪ್ರೀಂ ಕೋರ್ಟು 1995ರಲ್ಲೇ ಹೇಳಿದೆ. ಸಾರ್ವಜನಿಕ ಆಸ್ತಿ ಅಂದರೆ ನಮ್ಮಲ್ಲಿ ಏನರ್ಥ ಅಂತ ನಿಮಗೆ ಗೊತ್ತು. ಪಾರ್ಕಿನ ಗೇಟಿಗೆ ಬೀಗ, ಶೌಚಾಲಯಕ್ಕೆ ಬೀಗ. ರೇಡಿಯೊ ಸುದ್ದಿಗೆ ಈ ಬೀಗವನ್ನು ಯಾಕೆ ಹಾಕಿದ್ದೀರಿ ಅಂತ ಜನರ ಪರವಾಗಿ ಕೋರ್ಟಿಗೆ ಹೋಗುವ ಕಾಮನ್ ಕಾಸ್ ಸಂಸ್ಥೆ 2013ರಲ್ಲಿ ಸುಪ್ರೀಂ ಕೋರ್ಟಿನ ಬಾಗಿಲು ತಟ್ಟಿತು. ಟೀವಿಗೆ ಇಲ್ಲದ ಅಡ್ಡಿ ರೇಡಿಯೊಗೆ ಯಾಕೆ ಅಂತ. 2017ರಲ್ಲಿ ಕೋರ್ಟು ಸರ್ಕಾರವನ್ನೂ ಅದನ್ನೇ ಕೇಳಿತು. ಕೇಳಿದ್ದು ಒಳ್ಳೆಯದೇ ಆಯಿತು. ನನ್ನ ಫೇಡರ್ ಮಾತ್ರ ಇನ್ನೂ ಕರಕರ ಅನ್ನುತ್ತಾ ಹಾಡಿಗಷ್ಟೇ ಏರುತ್ತದೆ.

ಟೀವಿಯಲ್ಲಿ ದಿನದ ಇಪ್ಪತ್ನಾಲ್ಕು ಗಂಟೆಯೂ ಕೂಗಬಹುದು. ನಮ್ಮ ಪಕ್ಕದ ಮನೆ ಹುಡುಗ ಮೊಬೈಲ್ ಹಿಡಿದು ಆ ಪೈಪಿನ ಮುಂದೆ ನಿಂತು ‘ಬ್ರೇಕಿಂಗ್’ ಅಂತ ಕಿರುಚಿ ಯೂಟ್ಯೂಬಿಗೆ ಹಾಕಿದ. ನಮ್ಮ ವಾರ್ಡಿನ ವಾಟ್ಸಾಪ್ ಗುಂಪಿನಲ್ಲಿ ಆ ನೀರಿನಲ್ಲಿ ವಿಷ ಬೆರೆಸಿದ್ದಾರೆ ಅಂತ ಒಬ್ಬರು, ಅದು ಒಳಗಿಂದ ಉಕ್ಕಿದ ಗಂಗೆ, ಅರಿಶಿನ ಕುಂಕುಮ ಹಾಕಿ ಅಂತ ಇನ್ನೊಬ್ಬರು ಹಾಕಿದರು. ನಿಜವಾಗಿಯೂ ಯಾರೋ ಹಾಕಿ ಬಂದಿದ್ದರು. ಗಾಳಿಸುದ್ದಿಗೆ ಲೈಸೆನ್ಸ್ ಬೇಡ. ಗಾಳಿಯಲ್ಲಿ ಸುದ್ದಿ ಬಿಡೋದಕ್ಕೆ ಮಾತ್ರ ಅಡ್ಡಿ.

ಇನ್ನೊಂದು ಲೆಕ್ಕ ಇದೆ, ಅದು ನನಗೆ ಬಹಳ ಇಷ್ಟ. 2024ರಲ್ಲಿ ನಮಗೆ ಜಾಹೀರಾತಿನ ಸಮಯವನ್ನು ಗಂಟೆಗೆ 7 ನಿಮಿಷದಿಂದ 12 ನಿಮಿಷಕ್ಕೆ ಏರಿಸಿದರು. ಸರ್ಕಾರಿ ಜಾಹೀರಾತಿಗೆ 10 ಸೆಕೆಂಡಿಗೆ ಇದ್ದ 52 ರೂಪಾಯಿ 74 ಆಯಿತು. ಆದ್ದರಿಂದ ಮನೆಮನೆಗೆ ನಲ್ಲಿ ನೀರು ಬರುತ್ತಿದೆ ಅಂತ ಹತ್ತು ಸೆಕೆಂಡು ಹೇಳಿದರೆ ಕೇಂದ್ರಕ್ಕೆ 74 ರೂಪಾಯಿ. ಬರುತ್ತಿಲ್ಲ ಅಂತ ಹತ್ತು ಸೆಕೆಂಡು ಹೇಳಿದರೆ ಲೈಸೆನ್ಸಿಗೆ ಕುತ್ತು. ನೀರು ಎರಡರಲ್ಲೂ ಇಲ್ಲ.

ಇಷ್ಟು ಹೊತ್ತು ನಗುತ್ತಾ ಹೇಳಿದೆ. ಈಗ ಹೇಳುವುದು ಹಾಗೆ ಹೇಳಲು ಆಗುವುದಿಲ್ಲ.

ಹೋದ ವರ್ಷದ ಮಳೆಗಾಲ. ನಮ್ಮಲ್ಲಿ ಬುಧವಾರ ಹೊಲಿಗೆ ಕಾರ್ಯಕ್ರಮ ನಡೆಸಿಕೊಡುವ ಒಬ್ಬ ಅಕ್ಕ ಇದ್ದಾರೆ. ಬ್ಲೌಸಿನ ಅಳತೆಯನ್ನು ರೇಡಿಯೊದಲ್ಲಿ ಕಣ್ಣಿಗೆ ಕಾಣುವ ಹಾಗೆ ಹೇಳುತ್ತಾರೆ. ಒಂದು ಬುಧವಾರ ಬರಲಿಲ್ಲ. ಮಗಳಿಗೆ ಡೆಂಗಿ. ಎದುರು ಮನೆಯಲ್ಲಿ ಇಬ್ಬರಿಗೆ, ಹಿಂದಿನ ಬೀದಿಯಲ್ಲಿ ನಾಲ್ಕು ಜನರಿಗೆ. ಬೀದಿಯಲ್ಲಿ ಇದ್ದವರಿಗೆಲ್ಲ ಗೊತ್ತು. ನನಗೂ ಗೊತ್ತು. ಪಕ್ಕದ ಬೀದಿಯವರಿಗೆ ಗೊತ್ತಿಲ್ಲ, ಅವರ ತೊಟ್ಟಿಗಳೆಲ್ಲ ತೆರೆದೇ ಇದ್ದವು. ನನ್ನ ಮುಂದೆ ಮೈಕ್ ಇದೆ. ಸ್ಥಳೀಯ ಆಡಳಿತದಿಂದ ಕಾಗದ ಬಂದಿಲ್ಲ. ಬರುವವರೆಗೆ ಆ ಬೀದಿಯಲ್ಲಿ ಡೆಂಗಿ ಇಲ್ಲ. ಆವತ್ತು ನಾನು ‘ಡೆಂಗಿ ತಡೆಯುವ ಬಗೆ’ ಅಂತ ಇಪ್ಪತ್ತು ನಿಮಿಷ ಮಾತಾಡಿದೆ. ನೀರು ನಿಲ್ಲಿಸಬೇಡಿ, ತೊಟ್ಟಿ ಮುಚ್ಚಿ, ತುಂಬು ತೋಳಿನ ಬಟ್ಟೆ ಹಾಕಿ. ಯಾವ ಊರಿಗಾದರೂ ಒಪ್ಪುವ ಮಾತು. ಸೊಳ್ಳೆ ಕಚ್ಚುತ್ತದೆ ಅನ್ನಬಹುದು, ಎಲ್ಲಿ ಕಚ್ಚುತ್ತಿದೆ ಅನ್ನುವ ಹಾಗಿಲ್ಲ. ಕಾಗದ ಹನ್ನೊಂದು ದಿನ ಬಿಟ್ಟು ಬಂತು. ಅಷ್ಟರಲ್ಲಿ ಪಕ್ಕದ ಬೀದಿಗೂ ಜ್ವರ ಬಂದಿತ್ತು.

ಮಗಳು ಹುಷಾರಾದಳು. ಅಕ್ಕ ಮತ್ತೆ ಬಂದರು. ‘ಸಾರ್, ಆಸ್ಪತ್ರೆಯಲ್ಲಿ ಕೂತ್ಕೊಂಡು ನಿಮ್ಮ ಪ್ರೋಗ್ರಾಮ್ ಕೇಳಿದೆ. ಚೆನ್ನಾಗಿ ಹೇಳಿದ್ರಿ’ ಅಂದರು. ಕುಹಕ ಅಲ್ಲ, ಮನಸಾರೆ ಹೇಳಿದ್ದು. ಎಲ್ಲಾದರೂ ಅಡಗಿಕೊಳ್ಳಬೇಕು ಅನ್ನಿಸಿತು. ದನಿ ಇಲ್ಲದವರ ದನಿಯಂತೆ. ದನಿ ಇತ್ತು ರೀ, 100 ವಾಟ್ ಇತ್ತು. ಆ ಎರಡು ಬೀದಿಗೆ ಅದರಲ್ಲಿ ಒಂದು ವಾಟ್ ಸಾಕಾಗುತ್ತಿತ್ತು.

ಇರಲಿ. ಪೈಪಿಗೆ ಬರೋಣ. ಟ್ರಾಫಿಕ್ಕು, ಹವಾಮಾನ ಎರಡನ್ನೂ ಮೇಡಂ ನಿಲ್ಲಿಸಿದ ಮೇಲೆ ನನಗೆ ಉಳಿದದ್ದು ಹಾಡು. ನೀರು ಬರದ ದಿನ ಬೆಳಗ್ಗೆ ಮೊದಲಿಗೇ ಒಂದು ಮಳೆ ಹಾಡು ಹಾಕಲು ಶುರು ಮಾಡಿದೆ. ಕರೆಂಟ್ ಹೋಗಿದ್ದರೆ ಬೆಳದಿಂಗಳ ಹಾಡು. ಕಸದ ಗಾಡಿ ಬರದಿದ್ದರೆ ಮಲ್ಲಿಗೆ ಘಮದ್ದು. ಯಾರಿಗೂ ಬಾಯಿ ಬಿಟ್ಟು ಹೇಳಲಿಲ್ಲ. ಹಾರ್ಡ್‌ಡಿಸ್ಕಿನಲ್ಲಿ ಹುಡುಕಿದರೂ ಸಿಗೋದು ಹಾಡು ಮಾತ್ರ. ಎರಡು ವಾರದಲ್ಲಿ ಕೇಳುಗರ ಕೋರಿಕೆಗಳೇ ಬದಲಾದವು. ಐದು ವರ್ಷದಿಂದ ದಿನಾ ಒಂದೇ ಭಕ್ತಿಗೀತೆ ಕೇಳುತ್ತಿದ್ದ ರಿಟೈರ್ಡ್ ಮೇಷ್ಟ್ರು ಕೂಡ ಒಂದು ದಿನ ಬೆಳದಿಂಗಳ ಹಾಡು ಕೇಳಿದರು. ಬೆಳಗ್ಗೆ ಏಳೂವರೆಗೆ.

ಮೊನ್ನೆ ಸೋಮವಾರ ಆಕೆಯ ಫೋನ್ ಮತ್ತೆ ಬಂತು. ಅದೇ ಐದನೇ ಅಡ್ಡರಸ್ತೆ.

‘ಸಾರ್, ಒಂದು ಮಳೆ ಹಾಡು ಹಾಕಿ.’

‘ಯಾಕಮ್ಮಾ, ಇವತ್ತೂ ನೀರು ಬರಲಿಲ್ವಾ?’

‘ಅಯ್ಯೋ, ಹಾಗೆಲ್ಲ ಕೇಳಬೇಡಿ ಸಾರ್, ಅದು ಸುದ್ದಿ ಆಗುತ್ತೆ. ಸುಮ್ನೆ ಹಾಡು ಹಾಕಿ.’